ಶಿವದೇವಮ್ಮನ ಎಡಗೈ

“ಕೊರಳಾಗ ಏನೂ ಇಲ್ಲಲ್ಲ. ಲಿಂಗ ಎಲ್ಲಿ?” ಎಂದರು ಹಂಪಯ್ಯ.

ಬಾಡಿಗೆ ಮನೆಯ ಯಜಮಾನ ಹೆಣ ಒಳಗೆ ತರಬೇಡಿ ಎಂದಿದ್ದರಿಂದ ಶಿವದೇವಮ್ಮನನ್ನು ದವಾಖಾನೆಯಿಂದ ನೇರವಾಗಿ ರುದ್ರಭೂಮಿಗೇ ತಂದಿದ್ದರು. ಅಲ್ಲಿಯೇ ಮೀಯಿಸಿ, ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ ಕೂರಿಸಿದ್ದರು. ಎಪ್ಪತ್ತು ವರ್ಷ ಆಕೆಯ ಕೊರಳಲ್ಲಿದ್ದ ಬೆಳ್ಳಿಯ ಕರಡಿಗೆಯೂ ಇರಲಿಲ್ಲ, ಅದರೊಳಗಿನ ಇಷ್ಟಲಿಂಗವೂ ಇರಲಿಲ್ಲ. ಹಂಪಯ್ಯ ಒಂದು ಅಪಾರ್ಟ್‌ಮೆಂಟಿನ ವಾಚ್‌ಮನ್. ತೆಲುಗು ಸೀಮೆಯ ಜೀಡಿಮೆಟ್ಲಾಕ್ಕೆ ದುಡಿಯಲು ಬಂದ ಯಾದಗಿರಿ ಮಂದಿಗೆ ಇದ್ದೊಬ್ಬ ಅಯ್ಯನವರೂ ಅವರೇ. ಡ್ಯೂಟಿ ಮುಗಿಸಿ ಹಾಗೆಯೇ ಬಂದದ್ದರಿಂದ ಖಾಕಿ ಅಂಗಿಯ ಮೇಲೆಯೇ ಶಲ್ಯ ಹೊದ್ದಿದ್ದರು. ಕೈಯಲ್ಲಿ ಬಿಳಿ ದಾರದ ಉಂಡೆ ಹಿಡಿದಿದ್ದರು. ಸತ್ತವರ ಎಡ ಅಂಗೈಯಲ್ಲಿ ಲಿಂಗವಿಟ್ಟು, ಅದು ಜಾರದ ಹಾಗೆ ಬೆರಳುಗಳನ್ನು ಬಿಗಿಯುವ ದಾರ ಅದು.

“ದವಾಖಾನಿಯವ್ರು ಕದ್ದಾರ,” ಎಂದ ಗೊಲ್ಲಾಳಪ್ಪ, ಮುದುಕಿಯ ಕಿರಿಯ ಮಗ. “ಬೆಳ್ಳಿ ಕಂಡ ಮ್ಯಾಲ ಬಿಡತಾರೇನು? ಆ ಆಯಾನ ಕೆಲಸ. ಈಗ ಹೋಗಿ ಕೇಳತೀನಿ.” ಆಗಲೇ ಗಾಡಿಯ ಕೀಲಿ ಅವನ ಕೈಗೆ ಬಂದಿತ್ತು.

ಬೇವಿನ ಮರಕ್ಕೆ ಆತುಕೊಂಡು ನಿಂತಿದ್ದ ಮೊಮ್ಮಗಳು ಸುಮಂಗಲಾಳ ಕೈ ಹೆಗಲಿನ ಟಿಫಿನ್ ಚೀಲಕ್ಕೆ ಹೋಯಿತು. ಪಕ್ಕದ ಜಿಪ್ಪಿನೊಳಗೆ ಗುಂಡಗೆ, ಗಟ್ಟಿಯಾಗಿ ಸಿಕ್ಕಿತು. ಸೋಮವಾರ ಅಜ್ಜಿಯನ್ನು ಸ್ಕ್ಯಾನಿಂಗಿಗೆ ಒಯ್ಯುವಾಗ ಮೈಮೇಲೆ ಲೋಹ ಇರಬಾರದೆಂದರು. ತಾನೇ ಬಿಚ್ಚಿ ಇಟ್ಟುಕೊಂಡಿದ್ದಳು. ಅಲ್ಲಿಂದ ತಾನು ಮಾತ್ರೆ ಪ್ಯಾಕ್ ಮಾಡುವ ಕಂಪನಿಗೆ, ಕಂಪನಿಯಿಂದ ವಾರ್ಡಿಗೆ, ವಾರ್ಡಿನಿಂದ ಮತ್ತೆ ಕಂಪನಿಗೆ. ಮೂರು ದಿನ ಅಜ್ಜಿಯ ದೇವರು ಮೊಸರನ್ನದ ಡಬ್ಬಿಯ ಮಗ್ಗುಲಲ್ಲಿ ಕೂತು ಬಸ್ಸು ಹತ್ತಿತ್ತು, ಇಳಿದಿತ್ತು, ಹಗಲೆಲ್ಲ ಕಂಪನಿಯ ಲಾಕರಿನಲ್ಲಿ ಕಾದಿತ್ತು. ದಣಿವಿನಲ್ಲಿ ಅವಳಿಗೆ ಅದರ ನೆನಪೇ ಆಗಿರಲಿಲ್ಲ.

ಈಗಲೂ ಬಾಯಿ ಮುಚ್ಚಿಕೊಂಡಿದ್ದರೆ ಕಳ್ಳತನ ಆ ಆಯಾಳ ತಲೆಗೆ ಹೋಗುತ್ತಿತ್ತು. ಆದರೆ ಅಜ್ಜಿ ಬರಿಗೈಯಲ್ಲಿ ಮಣ್ಣಿಗಿಳಿಯಬೇಕಾಗುತ್ತಿತ್ತು.

“ಕಾಕಾ, ಹೋಗಬ್ಯಾಡ. ನನ್ನ ಹತ್ರ ಐತಿ.”

“ಯಾವಾಗಿಂದ?”

“ಸೋಮವಾರದಿಂದ. ತೆಗದಿಟ್ಟಾಕಿ ಮರತೆ.”

ಗೊಲ್ಲಾಳಪ್ಪ ಕೀಲಿ ಹಿಡಿದುಕೊಂಡೇ ತಾಯಿಯ ಕಡೆ ತಿರುಗಿದ. ಅವನ ತಾಯಿ ಲಿಂಗಪೂಜೆಯಾಗದೆ ಹನಿ ನೀರೂ ಮುಟ್ಟಿದವಳಲ್ಲ. ಕಟ್ಟಡದ ಕೆಲಸದಲ್ಲಿ ಮೇಸ್ತ್ರಿ ಸೀಟಿ ಊದುವ ಮೊದಲೇ ಮರಳಿನ ಗುಡ್ಡೆಯ ಹಿಂದೆ ಕೂತು, ಎಡ ಅಂಗೈಯಲ್ಲಿ ಲಿಂಗವಿಟ್ಟು, ಒಂದು ಚೆಂಬು ನೀರಿನಲ್ಲಿ ಪೂಜೆ ಮುಗಿಸಿ ಬುಟ್ಟಿ ಎತ್ತುತ್ತಿದ್ದಳು. ತಾಯಿಯಿಲ್ಲದ ಸುಮಂಗಲಾಳನ್ನು ಬೆನ್ನಿಗೆ ಕಟ್ಟಿಕೊಂಡೇ ಮೂರು ಮಹಡಿ ಇಟ್ಟಿಗೆ ಹೊತ್ತವಳು. ಅದೇ ಮೊಮ್ಮಗಳು ದೊಡ್ಡವಳಾಗಿ, ಸ್ನಾನವಿಲ್ಲದೆ ಚಹಾ ಕುಡಿದಳೆಂದು ಕೆನ್ನೆಗೆ ಬಾರಿಸಿದವಳೂ ಹೌದು.

“ಹಂಗಾದ್ರ ನಮ್ಮವ್ವ ಮೂರು ದಿನ ಉಪಾಸ ಇದ್ದು ಸತ್ತಳೇನು?”

“ಇಲ್ಲ ಕಾಕಾ. ಉಂಡಾಳ. ‘ನೀ ಉಣ್ಣಲಿಲ್ಲಂದ್ರ ನಾ ಡ್ಯೂಟಿಗೆ ಹೋಗಂಗಿಲ್ಲ’ ಅಂತ ಬೈದಿದ್ದೆ. ದಿನಾ ಎರಡು ಇಡ್ಲಿ ಉಂಡಾಳ.”

ಉಪವಾಸವಿದ್ದು ಹೋಗಿದ್ದರೆ ಮುದುಕಿಯ ಹಟವೆಂದು ಅತ್ತು ಸುಮ್ಮನಾಗಬಹುದಿತ್ತು. ಉಂಡಿದ್ದಳು. ಜೀವಮಾನವೆಲ್ಲ ಮುರಿಯದಿದ್ದ ನೇಮವನ್ನು ಸುಮಂಗಲಾಳ ಒಂದು ಬೈಗುಳಕ್ಕೆ ಮುರಿದಿದ್ದಳು.

ಆಗ ಪಕ್ಕದ ಮಂಚದ ತೆಲುಗು ಹೆಂಗಸು ನಿನ್ನೆ ಹೇಳಿದ್ದು ನೆನಪಾಯಿತು. ನಿಮ್ಮ ನಾನಮ್ಮ, ಅದೇ ಅಜ್ಜಿ, ದಿನಾ ಬೆಳಿಗ್ಗೆ ಎಡಗೈ ಬಿಚ್ಚಿ ಅದನ್ನೇ ನೋಡುತ್ತ ಕೂರುತ್ತಾಳೆ, ಒಂದು ಚಮಚ ನೀರು ಕೇಳಿ ಅಂಗೈ ಮೇಲೆ ಹಾಕಿಕೊಳ್ಳುತ್ತಾಳೆ, ಆಮೇಲೆ ಇಡ್ಲಿಗೆ ಕೈ ಹಾಕುತ್ತಾಳೆ ಎಂದಿದ್ದಳು. ಸಲೈನ್ ಸೂಜಿ ಚುಚ್ಚಿ ಕೈ ಉರಿಯುತ್ತಿರಬೇಕೆಂದು ಸುಮಂಗಲಾ ನರ್ಸಿನ ಹತ್ತಿರ ಮುಲಾಮು ಇಸಿದುಕೊಂಡು ಆ ಅಂಗೈಗೇ ತಿಕ್ಕಿದ್ದಳು. ಅಜ್ಜಿ ತಿಕ್ಕಿಸಿಕೊಂಡು, “ಸಾಕು ಬಿಡವ್ವ, ನೀ ಹೊರಡು, ಬಸ್ ತಪ್ಪತೈತಿ,” ಎಂದಿದ್ದಳು.

“ಲಿಂಗ ಬೇಕಂತ ಅಜ್ಜಿ ನನಗ ಒಂದು ಮಾತು ಹೇಳಬಾರದಿತ್ತೇನ್ರಿ?” ಎಂದು ಅವಳು ಹಂಪಯ್ಯನವರನ್ನು ಕೇಳಿದಳು.

ಉತ್ತರ ಗೊಲ್ಲಾಳಪ್ಪನಿಂದ ಬಂತು. ಅವನ ದನಿಯಲ್ಲಿ ಸಿಟ್ಟು ಇರಲಿಲ್ಲ. “ಹೇಳಿದ್ರ ಏನ ಮಾಡತಿದ್ದಿ?”

“ಡ್ಯೂಟಿ ಬಿಟ್ಟು ಓಡಿ ಬರತಿದ್ದೆ.”

“ಅದಕ್ಕ ಹೇಳಿಲ್ಲ.”

ಸುಮಂಗಲಾ ಕರಡಿಗೆಯನ್ನು ಕೊಟ್ಟಳು. ಅದಕ್ಕೆ ಉಪ್ಪಿನಕಾಯಿಯ ವಾಸನೆ ಹತ್ತಿತ್ತು. ಹಂಪಯ್ಯ ಶಲ್ಯದ ತುದಿಯಿಂದ ಒರೆಸಿ, ಲಿಂಗವನ್ನು ಹೊರತೆಗೆದು, ಶಿವದೇವಮ್ಮನ ಮುಂದೆ ಮೊಣಕಾಲೂರಿದರು. ಸತ್ತವರ ಬೆರಳು ಬಿಗಿದಿರುತ್ತವೆ, ಬಿಸಿನೀರು ಹಾಕಿ ಒಂದೊಂದಾಗಿ ಬಿಡಿಸಬೇಕಾಗುತ್ತದೆ. ಅದಕ್ಕೆಂದು ಕಾಸಿದ ನೀರು ಪಕ್ಕದಲ್ಲಿತ್ತು. ಸೆರಗು ಸರಿಸಿ ಎಡಗೈ ಎತ್ತಿದರು. ಅಂಗೈ ಆಗಲೇ ಬಟ್ಟಲಿನ ಹಾಗೆ ಬಾಗಿ ತೆರೆದುಕೊಂಡಿತ್ತು.

ಲಿಂಗವನ್ನು ಅದರಲ್ಲಿಟ್ಟರು. ಕೈಯನ್ನು ಒಮ್ಮೆ ಮೆಲ್ಲಗೆ ಅಲುಗಿಸಿ ನೋಡಿದರು. ಲಿಂಗ ಜಾರಲಿಲ್ಲ. ಹಂಪಯ್ಯ ದಾರದ ಉಂಡೆಯನ್ನು ಖಾಕಿ ಅಂಗಿಯ ಜೇಬಿಗೆ ಹಾಕಿಕೊಂಡರು.