ಎರಡನೆಯ ಸಹಿ

"ಫೋನು ಕೋಟಿನ ಜೇಬಲ್ಲಿತ್ತು, ಕೋಟು ಬಕೆಟ್ಟಲ್ಲಿತ್ತು. ನೆನೆಹಾಕಿ ಒಂದು ಗಂಟೆ ಆದ್ಮೇಲೆ ನೆನಪಾಯ್ತು" ಎಂದಳು ರಕ್ತನಿಧಿಯ ಕಿರಿಯ ತಂತ್ರಜ್ಞೆ, ಆಸ್ಪತ್ರೆಯ ಒಳಫೋನಿನಲ್ಲಿ. "ತಮ್ಮನ ಹಳೇ ಫೋನ್ ತಂದಿದೀನಿ. ಆದ್ರೆ ಲಾಗಿನ್ ಆಗೋಕೆ ಹೋದ್ರೆ ಕೋಡ್ ಕೇಳುತ್ತೆ, ಕೋಡ್ ಬರೋದು ಆ ಸತ್ತ ಫೋನಿಗೆ. ಬೇಗ ಇದಕ್ಕೆ ಜೋಡಿಸಿಕೊಡಿ ಬೀಗದಕ್ಕ. ಮೇಲೆ ಆಪರೇಷನ್ ಶುರುವಾಗಿದೆ, ಎರಡು ಚೀಲ ರಕ್ತ ಕೇಳ್ತಿದಾರೆ."

ಎಲ್ಲರ ಲಾಗಿನ್ನುಗಳನ್ನು ನೋಡಿಕೊಳ್ಳುವ ಅಡ್ಮಿನ್‌ಗೆ ಆಸ್ಪತ್ರೆಯವರು ಇಟ್ಟ ಹೆಸರು ಬೀಗದಕ್ಕ. ಅವಳು ಊಟದ ಡಬ್ಬಿಯನ್ನು ಪಕ್ಕಕ್ಕೆ ಸರಿಸಿದಳು. "ನಿನ್ನ ದನಿ ನಂಗೆ ಗೊತ್ತಮ್ಮ. ಆದ್ರೆ ಹೋದ ತಿಂಗಳು ಯಾರೋ ಡಾಕ್ಟರ ದನೀಲಿ ಮಾತಾಡಿ ಅವರ ಲಾಗಿನ್ ಒಳಗೆ ಹೊಕ್ಕುಬಿಟ್ರಲ್ಲ, ಅವತ್ತಿಂದ ಹೊಸ ನಿಯಮ. ನಿಮ್ಮ ವಿಭಾಗದವರೊಬ್ಬರು ವಿಡಿಯೋದಲ್ಲಿ ಬಂದು, ನಿನ್ನ ಮುಖ ನೋಡಿ, ಇವಳೇ ಅಂತ ಹೇಳ್ಬೇಕು. ಜೊತೆಗೆ ಆಫೀಸಿನ ದಾಖಲೇಲಿ ಇಲ್ಲದ ಒಂದು ವಿಷಯ. ಯಾರಿದಾರೆ ಅಲ್ಲಿ?"

ಆ ಕಡೆ ದನಿ ತಗ್ಗಿತು. "ಅವರೊಬ್ಬರೇ."

ಅವರು ಎಂದರೆ ಹಿರಿಯ ತಂತ್ರಜ್ಞೆ. ರಜೆಯ ಪಟ್ಟಿಯ ಮೇಲೆ ಇಬ್ಬರ ನಡುವೆ ಹತ್ತಿದ ಜಗಳಕ್ಕೆ ಎರಡು ವರ್ಷ. ಒಂದು ಚೀಲ ರಕ್ತ ಹೊರಗೆ ಹೋಗಬೇಕಾದರೂ ಕೊಟ್ಟವಳದೊಂದು, ಪರೀಕ್ಷಿಸಿದವಳದೊಂದು ಸಹಿ ಕಂಪ್ಯೂಟರಿನಲ್ಲಿ ಬೀಳಲೇಬೇಕು. ದಿನಕ್ಕೆ ಹತ್ತು ಸಲ ಒಬ್ಬಳ ಹೆಸರಿನ ಕೆಳಗೆ ಇನ್ನೊಬ್ಬಳು ಸಹಿ ಒತ್ತುತ್ತಿದ್ದಳು. ತುಟಿ ಮಾತ್ರ ಎರಡೂ ಕಡೆ ಹೊಲಿದಂತೆ.

ವಿಡಿಯೋದಲ್ಲಿ ಹಿರಿಯವಳು ಕ್ಯಾಮೆರಾ ನೋಡಿದಳು, ಪಕ್ಕದವಳನ್ನಲ್ಲ. "ಇವಳೇ."

"ಮುಖ ನೋಡಿ ಹೇಳ್ಬೇಕು ಅಕ್ಕಾ."

ಹಿರಿಯವಳು ತಿರುಗಿದಳು. ಗುರುತಿಸಲು ಬೇಕಾದದ್ದಕ್ಕಿಂತ ತುಸು ಹೆಚ್ಚೇ ಹೊತ್ತು ನೋಡಿದಳು. "ಸೊರಗಿದಾಳೆ. ಆದ್ರೆ ಇವಳೇ."

"ದಾಖಲೇಲಿ ಇಲ್ಲದ್ದು ಒಂದು?"

"ಇವಳ ವಿಷಯ ನಂಗೇನು ಗೊತ್ತು?"

ಅವರ ಹಿಂದೆ ಫೋನ್ ರಿಂಗಾಯಿತು. ಯಾವ ಕೋಣೆಯಿಂದ ಎಂದು ಇಬ್ಬರಿಗೂ ಗೊತ್ತಿತ್ತು, ಯಾರೂ ಎತ್ತಲಿಲ್ಲ. ಹಿರಿಯವಳು ಮೇಜಿನ ಮೇಲಿದ್ದ ಎರಡು ಚೀಲಗಳ ಕಡೆ ಕಣ್ಣು ಹಾಯಿಸಿದಳು.

"ಬರ್ಕೊಳ್ಳಿ. ಊರಿಗೆಲ್ಲ ಸೂಜಿ ಚುಚ್ತಾಳೆ. ತನಗೆ ಚುಚ್ಚೋವಾಗ ಮಾತ್ರ ಕಣ್ಣು ಮುಚ್ಕೊಂಡು ಪಕ್ಕದವಳ ಕಿರುಬೆರಳು ಹಿಡ್ಕೋತಾಳೆ."

"ಯಾರ ಕಿರುಬೆರಳು?"

"ಅದೂ ಇದ್ಯಾ ನಿಮ್ಮ ಅರ್ಜೀಲಿ?"

"ಇಲ್ಲ."

"ಮತ್ತೆ ಸುಮ್ನಿರಿ."

ಕಿರಿಯವಳು ನೆಲ ನೋಡುತ್ತ ಮೂಗೊರೆಸಿಕೊಂಡಳು. ಬೀಗದಕ್ಕ ಸತ್ತ ಫೋನನ್ನು ಅಳಿಸಿ ತಮ್ಮನದನ್ನು ಜೋಡಿಸಿದಳು. ಆರು ಅಂಕಿಗಳು ಬಂದವು. ಒಂದು ಸಹಿ ಬಿತ್ತು, ಅದರ ಕೆಳಗೆ ಇನ್ನೊಂದು. ಬಾಗಿಲಲ್ಲಿ ಕಾಯುತ್ತಿದ್ದ ನರ್ಸ್ ಚೀಲಗಳನ್ನು ಎತ್ತಿಕೊಂಡು ಓಡಿದಳು.

"ಕೊನೇದೊಂದಿದೆ" ಎಂದಳು ಬೀಗದಕ್ಕ. "ಮತ್ತೆ ಫೋನ್ ಹೋದ್ರೆ ಗುರುತು ಹೇಳೋಕೆ ಒಬ್ಬರ ಹೆಸರು ಈಗಲೇ ಬರೆದಿಡ್ಬೇಕು. ಬೇರೆ ಯಾರದಾದ್ರೂ ಕೊಡಬಹುದು."

ಕಿರಿಯವಳು ಬಾಯಿ ತೆರೆಯುವ ಮೊದಲೇ ಹಿರಿಯವಳು, "ನಂದೇ ಹಾಕಿ" ಎಂದಳು. ಆಮೇಲೆ ಕ್ಯಾಮೆರಾಕ್ಕೆ ಬೆನ್ನು ಕೊಟ್ಟು ಪಕ್ಕಕ್ಕೆ ತಿರುಗಿದಳು. "ಜೇಬು ನೋಡ್ಕೊಂಡು ನೆನೆಹಾಕೋದು ಯಾವಾಗ ಕಲೀತೀಯೆ ನೀನು?"

ಪ್ರಶ್ನೆ ತನಗಲ್ಲವೆಂದು ತಿಳಿದ ಬೀಗದಕ್ಕ, ಉತ್ತರಕ್ಕೆ ಕಾಯದೆ ಕರೆ ಕಡಿದಳು.