ಬೆರಳಿಗೊಂದು ಮೂಳೆ

ಕಂಪ್ಯೂಟರಿನ ಗೊಂಬೆಗೂ ಒಳಗೆ ಮೂಳೆ ಕೂರಿಸಬೇಕು, ಆಗಲೇ ಅದು ಕೈಕಾಲು ಆಡಿಸುತ್ತದೆ. ಹನ್ನೆರಡು ವರ್ಷದಿಂದ ಈರಣ್ಣ ಮಾಡುತ್ತಿದ್ದುದು ಅದೇ ಕೆಲಸ. ಈಗ ಯಜಮಾನ ಅದಕ್ಕೊಂದು ಸಾಫ್ಟ್‌ವೇರ್ ತಂದಿದ್ದ. ಅದು ಎರಡೇ ನಿಮಿಷದಲ್ಲಿ, ಒಂದು ಶಾಲೆಗಾಗಿ ಮಾಡುತ್ತಿದ್ದ ಪಾಠದ ಟೀಚರ್ ಗೊಂಬೆಗೆ ತಲೆಯಿಂದ ಪಾದದವರೆಗೆ ಮೂಳೆ ಕೂರಿಸಿತು. ಕೈಯ ಐದು ಬೆರಳಿಗೂ ಸೇರಿಸಿ ಒಂದೇ ಮೂಳೆ ಇಟ್ಟಿತು.

"ಸಾರ್, ಬೆರಳು ಬಿಡಿಬಿಡಿಯಾಗಿ ಆಡ್ತಿಲ್ಲ. ಎರಡು ದಿನ ಕೊಡಿ, ನಾನೇ ಕೂರಿಸ್ತೀನಿ."

"ಎರಡು ನಿಮಿಷದ ಕೆಲಸಕ್ಕೆ ಎರಡು ದಿನ ಯಾಕಯ್ಯ? ಬೆರಳು ಯಾರು ಎಣಿಸ್ತಾರೆ?"

"ಇದು ಕಿವಿ ಕೇಳದ ಮಕ್ಕಳ ಪಾಠ ಸಾರ್. ಸನ್ನೆಯೆಲ್ಲ ಬೆರಳಲ್ಲೇ ಇರೋದು."

"ಕೈ ಮೇಲೆ ಹೋಗುತ್ತೆ, ಕೆಳಗೆ ಬರುತ್ತೆ. ಸನ್ನೆ ಅಂದ್ರೆ ಇನ್ನೇನು, ಭರತನಾಟ್ಯನಾ? ಮಿಷನ್ ನಿನಗಿಂತ ಬೇಗ ಮುಗಿಸ್ತು ಅಂತ ನಿಂಗೆ ಹೊಟ್ಟೆಯುರಿ."

ಈರಣ್ಣನ ಮೈ ಉರಿಯಿತು. "ನೀವು ಮುಷ್ಟಿ ಬಿಗಿಹಿಡ್ಕೊಂಡು ಒಂದು ತುತ್ತು ಊಟ ಮಾಡಿ ತೋರಿಸಿ, ನೋಡೋಣ."

"ಸಾಕು ಬಾಯಿ ಮುಚ್ಚು. ಶಾಲೆಯವರು ಇದನ್ನ ಒಪ್ಪಿದ್ರೆ ನಾಳೆಯಿಂದ ನೀನು ಬರೋದೇ ಬೇಡ."

ಮಧ್ಯಾಹ್ನ ಆ ಶಾಲೆಯ ಟೀಚರ್ ಬಂದರು. ಅವರಿಗೂ ಕಿವಿ ಕೇಳುತ್ತಿರಲಿಲ್ಲ. ಪರದೆಯ ಮೇಲೆ ಗೊಂಬೆ ಕೈಯೆತ್ತಿ, ಕೈಯಿಳಿಸಿ ಇಡೀ ಪಾಠ ಮಾಡಿತು. ಅವರು ಕೊನೆಯವರೆಗೂ ಕಣ್ಣು ಕೀಳದೆ ನೋಡಿ ನಸುನಕ್ಕರು. ಯಜಮಾನ ಈರಣ್ಣನ ಕಡೆ ತಿರುಗಿ ಹುಬ್ಬು ಹಾರಿಸಿದ.

ಟೀಚರ್ ಚೀಲದಿಂದ ಪೆನ್ನು ತೆಗೆದು, ಒಂದು ಚೀಟಿಯಲ್ಲಿ ಬರೆದು ಯಜಮಾನನ ಮುಂದಿಟ್ಟರು.

"ಗೊಂಬೆ ಮುದ್ದಾಗಿದೆ. ಪಾಪ, ಇವಳಿಗೆ ಹುಟ್ಟಿನಿಂದಲೇ ಮಾತು ಬರುವುದಿಲ್ಲವೇ?"