ಉರುಳೆಯೊಳಗಿನ ಕಾಗದ

ಚಿಕ್ಕತಾಯಮ್ಮ ನೇಯುತ್ತಿದ್ದಂತೆ ಮಗ್ಗದ ಉರುಳೆಯ ರೇಷ್ಮೆ ಬಿಚ್ಚಿಕೊಂಡು, ಎಳೆಗಳು ಸಿಕ್ಕಾಗದಿರಲೆಂದು ಸುತ್ತುವಾಗ ನಡುವೆ ಇಟ್ಟಿದ್ದ ಕಾಗದವೊಂದು ಕೆಳಗೆ ಬಿತ್ತು. ರಜೆಗೆ ಕೊಳ್ಳೇಗಾಲಕ್ಕೆ ಬಂದಿದ್ದ ಮೊಮ್ಮಗಳು ಇಂಚರ ಅದನ್ನೆತ್ತಿಕೊಂಡು ಓದಿದಳು.

“ಅಜ್ಜಿ, ತಾತಂಗೆ ದೊಡ್ಡಾಸ್ಪತ್ರೆಯಿಂದ ಬಂದಿರೋದು. ಹಾರ್ಟ್ ಆಪರೇಷನ್ನು ಮಾರ್ಚ್ ಆರಕ್ಕಂತೆ, ತಪ್ಪದೆ ಬರ್ಬೇಕಂತೆ.”

ಚಿಕ್ಕತಾಯಮ್ಮನ ಕೈಯಲ್ಲಿ ಲಾಳಿ ನಿಂತಿತು. ಆಸ್ಪತ್ರೆಯ ಪತ್ರ ಬಂತೇ ಎಂದು ಗಂಡ ಚೌಡಯ್ಯ ಅಂಚೆಯವನನ್ನು ದಿನವೂ ಕೇಳುತ್ತಿದ್ದ. ಕೇಳುತ್ತಲೇ ಮಾರ್ಚ್ ಕೊನೆಗೆ ತೀರಿಕೊಂಡ. ಆಸ್ಪತ್ರೆಯದೂ ಸೇರಿ ಸರ್ಕಾರದ ಕಾಗದಗಳೆಲ್ಲ ಇಂಗ್ಲಿಷಾದ ಮೇಲೆ, ಯಾವುದು ಎಲ್ಲಿಂದ ಬಂದದ್ದೆಂದು ಓದಿ ತಿಳಿಯುವವರು ಮನೆಯಲ್ಲಿರಲಿಲ್ಲ. ಕನ್ನಡದಲ್ಲಿದ್ದರೆ ಅವನೇ ಎರಡೆರಡು ಸಲ ಓದುತ್ತಿದ್ದ.

ಇದನ್ನು ಉರುಳೆಗೆ ಇಡಲು ಕೊಟ್ಟವನೂ ಅವನೇ. “ಒಳ್ಳೆ ಗಟ್ಟಿ ಕಾಗ್ದ ಕಣಮ್ಮಿ, ನೂಲ್ಗೆ ಆಯ್ತದೆ” ಅಂದಿದ್ದ.